ಪ್ರಸಾದವೂ ಅಂಗಡಿಯೂ



ಸೌಹಾರ್ದದ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ತುಸು ಹಿಂಜರಿದೆ. ಆ ಪದ ಭಾಷಣಗಳಲ್ಲಿ ಸವೆದುಹೋಗಿದೆ. ಆದ್ದರಿಂದ ತತ್ತ್ವವನ್ನು ಬದಿಗಿಟ್ಟು, ನಮ್ಮಲ್ಲಿ ಬಹುಮಂದಿ ಬಲ್ಲ ಒಂದು ಜಾತ್ರೆಯಿಂದ ಆರಂಭಿಸುತ್ತೇನೆ.

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಐತಿಹ್ಯ ನಿಮಗೆ ತಿಳಿದದ್ದೇ. ಬಪ್ಪ ಬ್ಯಾರಿಯೆಂಬ ಮುಸಲ್ಮಾನ ವರ್ತಕನ ದೋಣಿ ಶಾಂಭವಿ ಹೊಳೆಯಲ್ಲಿ ತಡೆದು ನಿಂತಿತಂತೆ, ನೀರು ಕೆಂಪಾಯಿತಂತೆ, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸೆಂದಳಂತೆ. ಜೈನರಾದ ಮೂಲ್ಕಿ ಸಾವಂತ ಅರಸರ ನೆರವಿನಿಂದ ಅವನು ಕಟ್ಟಿಸಿದ. ಇದರ ಸತ್ಯಾಸತ್ಯತೆಯನ್ನು ಚರಿತ್ರಕಾರರು ನೋಡಿಕೊಳ್ಳಲಿ. ಒಂದು ಊರು ತನ್ನ ಹುಟ್ಟನ್ನು ಹೀಗೆ ಹೇಳಿಕೊಳ್ಳಲು ಒಪ್ಪಿತಲ್ಲ, ನನಗೆ ಮುಖ್ಯವಾದದ್ದು ಅದು. ಜಾತ್ರೆಯಲ್ಲಿ ಬಪ್ಪನ ಮನೆತನದವರಿಗೆ ಪ್ರಸಾದ ಸಲ್ಲುವ ಸಂಪ್ರದಾಯ ನಡೆದುಬಂದಿದೆ.

ಆದರೆ ಜಾತ್ರೆಯೆಂದರೆ ಪ್ರಸಾದವೊಂದೇ ಅಲ್ಲ. ಮಲ್ಲಿಗೆಯ ರಾಶಿ, ದೊಡ್ಡ ಡೋಲಿನ ಸದ್ದು, ಬಳೆ, ಬಲೂನು, ಮಿಠಾಯಿ. ಸಂತೆ ವ್ಯಾಪಾರಿ ಜಾತ್ರೆಯಿಂದ ಜಾತ್ರೆಗೆ ನಡೆಯುತ್ತಾನೆ. ಮೇ ಕೊನೆಯ ವಾರದ ಪತ್ತನಾಜೆಗೆ ತುಳುನಾಡಿನ ಉತ್ಸವಗಳು ಮುಗಿಯುತ್ತವೆ. ಮಳೆಗಾಲದ ಅಕ್ಕಿಯನ್ನು ಅಷ್ಟರೊಳಗೆ ದುಡಿದಿರಬೇಕು. ನನ್ನ ತಾಯಿ ಬಳೆ ತೊಡಿಸಿಕೊಳ್ಳುತ್ತಿದ್ದುದು ಇಂಥ ಒಬ್ಬ ಸಾಯಿಬನಿಂದ. ಜಾತ್ರೆ ಮುಗಿದ ಮೇಲೆ ಅವನು ಮನೆಗೂ ಬರುತ್ತಿದ್ದ, ಹಳೆಯ ಬಾಕಿ ವಸೂಲಿಗೆ. ಅದನ್ನು ಸುವರ್ಣಯುಗವೆನ್ನಲಾರೆ. ಅವನು ನೀರು ಕುಡಿಯುವ ಲೋಟ ಜಗಲಿಯ ಮೂಲೆಯಲ್ಲಿ ಬೇರೆಯೇ ಇರುತ್ತಿತ್ತು. ಆದರೂ ತಾಯಿಯ ಕೈಯನ್ನು ಮನೆಯ ಹೊರಗೆ ಹಿಡಿಯಬಹುದಾಗಿದ್ದ ಗಂಡಸು ಅವನೊಬ್ಬನೇ.

2022ರ ಮಾರ್ಚ್ 15ರಂದು ಹಿಜಾಬ್ ಕುರಿತು ಹೈಕೋರ್ಟಿನ ತೀರ್ಪು ಬಂತು. ಅದನ್ನು ವಿರೋಧಿಸಿ ಮುಸ್ಲಿಮರು ಒಂದು ದಿನ ಅಂಗಡಿ ಮುಚ್ಚಿದರು. ಅದಕ್ಕೆ ಉತ್ತರವೆಂಬಂತೆ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಅವರಿಗೆ ಮಳಿಗೆ ಸಿಗಲಿಲ್ಲ. ಅದೇ ತಿಂಗಳು ಬಪ್ಪನಾಡಿನಲ್ಲಿಯೂ ಅವರ ವ್ಯಾಪಾರಕ್ಕೆ ಅವಕಾಶವಿಲ್ಲವೆಂಬ ಫಲಕ ಕಂಡಿತು. ಧಾರ್ಮಿಕ ದತ್ತಿಯ 2002ರ ನಿಯಮವನ್ನು ಸಮರ್ಥಕರು ಮುಂದಿಟ್ಟರು. ಬಪ್ಪನ ಮನೆತನಕ್ಕೆ ಗೌರವ, ಬಪ್ಪನಂಥ ವರ್ತಕನಿಗೆ ನಿಷೇಧ! ವರ್ಷಕ್ಕೊಮ್ಮೆಯ ಗೌರವ ಸುಲಭ, ಅದಕ್ಕೆ ಖರ್ಚಿಲ್ಲ. ಜೊತೆಯಾಗಿ ಬದುಕುವುದೆಂದರೆ ಬಾಕಿ, ಚೌಕಾಸಿ, ಜಗಳ. ಊರು ನಿಂತದ್ದು ಅದರ ಮೇಲೆ.

ಆ ಫಲಕದ ಚಿತ್ರವನ್ನು ನನ್ನ ಫೋನಿಗೆ ಕಳಿಸಿದವರು ಊರವರಲ್ಲ; ಇದೇ ಮುಂಬಯಿಯ ಮಿತ್ರರು, ಮೆಚ್ಚುಗೆಯ ಒಕ್ಕಣೆಯೊಂದಿಗೆ. ಬಪ್ಪನ ಕತೆಯನ್ನು ಅಭಿಮಾನದಿಂದ ಹೇಳುವವರೂ ಅವರೇ. ನಾನು ಉತ್ತರಿಸಲಿಲ್ಲ. ಸ್ನೇಹ ಕೆಡುವುದೆಂಬ ಅಂಜಿಕೆ. ಇಂದು ಈ ಮಾತಿಗೆ ಒಪ್ಪಿದ್ದು ಬಹುಶಃ ಆ ಕಾರಣಕ್ಕೇ.

ಅವರೂ ನಾನೂ ಒಂದೇ ಚಾಳಿನಲ್ಲಿದ್ದವರು. 1992ರ ಡಿಸೆಂಬರ್, 1993ರ ಜನವರಿಗಳಲ್ಲಿ ಈ ನಗರದಲ್ಲಿ 900 ಮಂದಿ ಸತ್ತರೆಂದು ಶ್ರೀಕೃಷ್ಣ ಆಯೋಗ ಲೆಕ್ಕವಿಟ್ಟಿದೆ. ಆ ಜನವರಿಯ ಒಂದು ರಾತ್ರಿ ಕೆಳಗಿನ ಬೇಕರಿಯವನು ಬಾಗಿಲು ತಟ್ಟಿ, ಅಂಗಡಿಯ ಬೀಗದ ಕೈ ನನ್ನ ಕೈಗಿಟ್ಟು ಕುಟುಂಬದೊಡನೆ ಹೊರಟುಹೋದ. ಮಾತಿಗೆ ಸಮಯವಿರಲಿಲ್ಲ. ಯಾರಾದರೂ ಬಂದು ಕೇಳಿದರೆ ಏನು ಹೇಳಲೆಂಬ ಭಯದಲ್ಲಿ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿದೆ. ಈ ಮಿತ್ರರಿಗೆ ಅದು ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ.

ಮೂರು ವಾರಗಳ ಮೇಲೆ ಅವನು ಮರಳಿದ. ಕೀಲಿ ಪಡೆದು, ಬಾಗಿಲು ತೆರೆದು, ಉದ್ರಿಯ ಪುಸ್ತಕ ತಿರುವಿದ. ನನ್ನ ಬಾಕಿ ಹದಿನಾಲ್ಕು ರೂಪಾಯಿ ಇತ್ತು. ಕೇಳಿದ, ಕೊಟ್ಟೆ.