ಮರ್ಯಾದೆಯ ಬಾಕಿ ಕೇಳಿದ ದನಿ
(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಅರೀತಾ ಫ್ರಾಂಕ್ಲಿನ್ ಬಗ್ಗೆ ಮಾಡಿದ ಭಾಷಣ)



ಅಮೆರಿಕದ ಒಬ್ಬ ಹಾಡುಗಾರ್ತಿಯ ಮಾತು ನಮ್ಮ ಶಿಬಿರದಲ್ಲಿ ಯಾಕೆ ಅಂತ ಕೆಲವರು ಕೇಳಿದ್ದಾರೆ. ಕೇಳಬೇಕಾದ್ದೇ. 1946ರಲ್ಲಿ ಬಾಬಾಸಾಹೇಬರು ಅಲ್ಲಿನ ಕಪ್ಪು ಜನರ ದೊಡ್ಡ ವಿದ್ವಾಂಸ ಡುಬಾಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು ಅಂತ ಕೇಳಿದ್ದರು. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಪ್ಯಾಂಥರ್ ಅನ್ನೋ ಹೆಸರು ತಂದದ್ದೂ ಅಲ್ಲಿಂದಲೇ. ಕಾಗದ ಹೋಯ್ತು, ಹೆಸರು ಬಂತು. ಇವತ್ತು ಹಾಡಿನ ಸರದಿ.

ಹಾಡಿಗೆ ಮೊದಲು ಒಂದು ಕೋರ್ಟಿನ ಸಂಗತಿ ಹೇಳಬೇಕು. 1963ರಲ್ಲಿ ಅಲಬಾಮಾ ರಾಜ್ಯದ ಗ್ಯಾಡ್ಸ್‌ಡನ್ ಊರಿನ ಕೋರ್ಟಿನಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನೋ ಕಪ್ಪು ಹೋರಾಟಗಾರ್ತಿ ಸಾಕ್ಷಿ ಹೇಳಲು ನಿಂತಿದ್ದರು. ಸರ್ಕಾರಿ ವಕೀಲ 'ಮೇರಿ' ಅಂತ ಬರೀ ಹೆಸರು ಹಿಡಿದು ಕೂಗಿದ. ಬಿಳಿಯರಿಗೆ ಮಿಸ್ಟರ್, ಮಿಸ್. ಕಪ್ಪು ಜನಕ್ಕೆ ಎಷ್ಟು ವಯಸ್ಸಾದರೂ ಬರೀ ಹೆಸರು, ಇಲ್ಲವೇ 'ಹುಡುಗ', 'ಹುಡುಗಿ'. ಇದು ಅಲ್ಲಿನ ದಕ್ಷಿಣದ ರಿವಾಜು. ಮಿಸ್ ಹ್ಯಾಮಿಲ್ಟನ್ ಅಂತ ಕರೆಯುವ ತನಕ ಉತ್ತರ ಇಲ್ಲ ಅಂದುಬಿಟ್ಟರು ಆಕೆ. ನ್ಯಾಯಾಧೀಶ ಐದು ದಿನ ಜೈಲು, 50 ಡಾಲರ್ ದಂಡ ಹಾಕಿದ. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1964ರಲ್ಲಿ ಆಕೆಯೇ ಗೆದ್ದರು.

ಏಕವಚನ ಅಂದರೇನು ಅಂತ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆ ನರೆತ ನಮ್ಮಪ್ಪಂದಿರನ್ನು ಮೇಲುಕೇರಿಯ ಚಿಕ್ಕ ಹುಡುಗ 'ಲೇ' ಅನ್ನುವುದನ್ನು ಕೇಳುತ್ತಾ ಬೆಳೆದ ಕಿವಿ ನಮ್ಮದು. ಆದ್ದರಿಂದ ಈ ಭಾಷಣದಲ್ಲಿ ಅರೀತಾ 'ಹಾಡಿದಳು' ಅಂತ ಬರುವುದಿಲ್ಲ. 'ಹಾಡಿದರು' ಅಂತಲೇ ಬರುತ್ತದೆ.

ಅರೀತಾ ಹುಟ್ಟಿದ್ದು 1942ರ ಮಾರ್ಚ್ 25, ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ. ಬೆಳೆದದ್ದು ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ. ತಂದೆ ಸಿ.ಎಲ್. ಫ್ರಾಂಕ್ಲಿನ್ ಮಿಸಿಸಿಪ್ಪಿಯವರು, ಬಿಳಿಯರ ಜಮೀನಿನಲ್ಲಿ ಪಾಲಿಗೆ ದುಡಿಯುವ ಮನೆತನ. ಹೊಲ ಬಿಟ್ಟು ಪಾದ್ರಿಯಾದರು. ಅವರ ಪ್ರಸಂಗದ ರೆಕಾರ್ಡುಗಳು ಅಂಗಡಿಯಲ್ಲಿ ಹಾಡಿನಂತೆ ಮಾರಾಟವಾಗುತ್ತಿದ್ದವು. ಅರೀತಾಗೆ ಹತ್ತು ತುಂಬುವ ಹೊತ್ತಿಗೆ ತಾಯಿ ತೀರಿಹೋದರು. ಹದಿಮೂರು ತುಂಬುವುದರೊಳಗೆ ಈ ಮಗು ತಾನೇ ತಾಯಿಯಾಯ್ತು. ಅಜ್ಜಿ ಕೂಸನ್ನು ನೋಡಿಕೊಂಡರು, ಮೊಮ್ಮಗಳು ತಂದೆಯ ಚರ್ಚಿನಲ್ಲಿ ಹಾಡಿದಳು. (ಇಲ್ಲಿ ಏಕವಚನ ಬಂದದ್ದು ಅಜ್ಜಿಯ ಬಾಯಿಂದ, ಅದಕ್ಕೆ ಯಾರ ತಕರಾರೂ ಇರಲಾರದು.)

ಸೋಲ್ ಅಂತ ಅಲ್ಲಿಯವರು ಕರೆಯುವ ಹಾಡು ಈ ಚರ್ಚಿನ ಹೊಟ್ಟೆಯಿಂದಲೇ ಬಂದದ್ದು. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ನಮ್ಮ ಸೋಬಾನೆ ಹೆಂಗಸರಿಗೆ, ನಾಟಿ ಹಾಕುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಎತ್ತಿಕೊಟ್ಟವರ ದನಿ ಕಾವೇರುತ್ತಾ ಹೋಗಿ ಕೊನೆಗೆ ಮಾತು ಮುಗಿದು ಬರೀ ಕೂಗು ಉಳಿಯುತ್ತದೆ. ಆ ದನಿಗೆ ದೇವರ ಮಾತಿನ ಬದಲು ಮನೆ, ಪ್ರೀತಿ, ಜಗಳದ ಮಾತು ಕೊಟ್ಟರೆ ಅದೇ ಸೋಲ್. ದೇವರ ಧಾಟಿಯನ್ನು ಹೆಂಡದಂಗಡಿಗೆ ತಂದರು ಅಂತ ಚರ್ಚಿನ ಹಿರಿಯರು ಬೈದದ್ದೂ ಉಂಟು. ದೇವರ ಗೊಡವೆ ಬೇಡ ಅನ್ನುವ ನಮ್ಮಂಥವರನ್ನೂ ಆ ದನಿ ಬಿಡುವುದಿಲ್ಲ, ಅದೇ ಸೋಜಿಗ.

1960ರಲ್ಲಿ ಕೊಲಂಬಿಯಾ ಕಂಪನಿ ಸೇರಿದರು. ಅಲ್ಲಿನವರು ಹಿಂದೆ ಪಿಟೀಲು ಸಾಲು ನಿಲ್ಲಿಸಿ ನಾಜೂಕು ಹಾಡು ಹಾಡಿಸಿದರು. ಆರು ವರ್ಷ ಹೀಗೇ ಹೋಯ್ತು. ಆಮೇಲೆ ಅಟ್ಲಾಂಟಿಕ್ ಕಂಪನಿಗೆ ಬಂದಾಗ ಅವರನ್ನೇ ಪಿಯಾನೋ ಮುಂದೆ ಕೂರಿಸಿದರು. ಚರ್ಚಿನ ಅರೀತಾ ಹೊರಗೆ ಬಂದರು.

'ರೆಸ್ಪೆಕ್ಟ್' ಅನ್ನುವ ಹಾಡು ಅರೀತಾ ಬರೆದದ್ದಲ್ಲ. ಜಾರ್ಜಿಯಾದ ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದರು. ಅದರಲ್ಲಿ ದುಡಿದು ಮನೆಗೆ ಬಂದ ಗಂಡಸು ಮನೆಯಾಕೆಯಿಂದ ಮರ್ಯಾದೆ ಕೇಳುತ್ತಾನೆ. 1967ರ ಫೆಬ್ರವರಿ 14ರಂದು ನ್ಯೂಯಾರ್ಕ್‌ನಲ್ಲಿ ಅರೀತಾ ಅದನ್ನು ತಿರುವಿ ಹಾಕಿದರು. ಈಗ ಕೇಳುವವಳು ಹೆಂಗಸು. ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಹಿಂದೆ ನಿಂತು ಹಿಡಿದರು. ರೆಡ್ಡಿಂಗ್ ಹಾಡಿನಲ್ಲಿ ಇಲ್ಲದ ಒಂದು ಕೆಲಸ ಅರೀತಾ ಮಾಡಿದರು. ಹಾಡು ನಡುವೆ ನಿಲ್ಲಿಸಿ ಆ ಪದದ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೂಗಿ ಹೇಳಿದರು, ತಿಳಿಯದವರಿಗೆ ಮೇಷ್ಟ್ರು ಕಾಗುಣಿತ ಕಲಿಸುವ ಹಾಗೆ. ಯಾರಿಗೆ ಕಲಿಸಿದ್ದು? ಗಂಡನಿಗೂ ಇರಬಹುದು, ಗ್ಯಾಡ್ಸ್‌ಡನ್‌ನ ವಕೀಲನಿಗೂ ಇರಬಹುದು. ಕೇಳಿದ ಕಪ್ಪು ಜನ ಎರಡನ್ನೂ ಕೇಳಿಸಿಕೊಂಡರು. ಜನಾಂಗದ ಮರ್ಯಾದೆ ಮೊದಲು, ಮನೆಯ ಹೆಂಗಸಿನ ಮರ್ಯಾದೆ ಆಮೇಲೆ ನೋಡೋಣ ಅಂತ ಎಲ್ಲ ಚಳವಳಿಗಳಲ್ಲೂ ಒಂದು ಮಾತಿದೆ. ಈ ಹಾಡಿನಲ್ಲಿ ಆ ಹಿಂದುಮುಂದು ಇಲ್ಲ.

ಜೂನ್‌ನಲ್ಲಿ ಅದು ದೇಶಕ್ಕೇ ಮೊದಲ ಹಾಡಾಯ್ತು. ಜುಲೈ 23ರಂದು ಡೆಟ್ರಾಯಿಟ್‌ನಲ್ಲಿ ಪೊಲೀಸರು ಕಪ್ಪು ಜನರ ಒಂದು ಕೂಟದ ಮೇಲೆ ದಾಳಿ ಮಾಡಿದರು. ಊರು ಹೊತ್ತಿಕೊಂಡಿತು, 43 ಜನ ಸತ್ತರು. 1969ರ ಮಾರ್ಚ್‌ನಲ್ಲಿ ಅರೀತಾ ಹಾಡಿ ಬೆಳೆದ ಅದೇ ನ್ಯೂ ಬೆಥೆಲ್ ಚರ್ಚಿನೊಳಕ್ಕೆ ಪೊಲೀಸರು ಗುಂಡು ಹಾರಿಸುತ್ತಾ ನುಗ್ಗಿದರು. ಅಲ್ಲಿ ಕಪ್ಪು ಹೋರಾಟಗಾರರ ಸಭೆ ಮುಗಿದಿತ್ತು, ಹೊರಗೆ ಒಬ್ಬ ಪೊಲೀಸ್ ಗುಂಡಿಗೆ ಬಲಿಯಾಗಿದ್ದ. ನೂರಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದರು. ಜಾರ್ಜ್ ಕ್ರಾಕೆಟ್ ಅನ್ನೋ ಕಪ್ಪು ನ್ಯಾಯಾಧೀಶರು ಬೆಳಗಾಗುವುದರೊಳಗೆ ಠಾಣೆಗೇ ಹೋಗಿ, ಅಲ್ಲೇ ಕೋರ್ಟು ನಡೆಸಿ, ಹಲವರನ್ನು ಬಿಡಿಸಿದರು. ಅಂಥವರು ಎಲ್ಲ ಕಡೆ ಸಿಗುವುದಿಲ್ಲ.

ಈಗ ದುಡ್ಡಿನ ವಿಷಯ. ಹಾಡಿನ ಮಾತು ಬಂದಾಗ ದುಡ್ಡಿನ ಮಾತು ಸಣ್ಣದು ಅನ್ನುವವರು ಹೊಟ್ಟೆ ತುಂಬಿದವರು. ಅಮೆರಿಕದ ಕಾನೂನಿನಲ್ಲಿ ರೇಡಿಯೋ ಸ್ಟೇಷನ್ನು ಹಾಡನ್ನು ಎಷ್ಟು ಸಲ ಹಾಕಿದರೂ ಬರೆದವರಿಗೆ, ಪ್ರಕಟಿಸಿದವರಿಗೆ ಹಣ. ಹಾಡಿದವರಿಗೆ ಏನೂ ಇಲ್ಲ. ಅರೀತಾ ಸಾಯುವ ತನಕ 'ರೆಸ್ಪೆಕ್ಟ್' ಹೀಗೇ ಮೊಳಗಿತು. ಕಚೇರಿ ಮಾಡಿಸುವ ದಲ್ಲಾಳಿಗಳು ಕಪ್ಪು ಹಾಡುಗಾರರಿಗೆ ಕೈಕೊಡುವುದು ಮಾಮೂಲಾಗಿತ್ತು. ಆದ್ದರಿಂದ ಅರೀತಾ ಒಂದು ನಿಯಮ ಮಾಡಿಕೊಂಡರು: ಮೊದಲು ನಗದು, ಆಮೇಲೆ ಹಾಡು. ಆ ಹಣದ ಕೈಚೀಲ ವೇದಿಕೆಯ ಮೇಲೂ ಕಣ್ಣಳತೆಯಲ್ಲೇ ಇರುತ್ತಿತ್ತು. 2015ರಲ್ಲಿ ಅಧ್ಯಕ್ಷ ಒಬಾಮಾ ಎದುರು ಹಾಡಲು ಬಂದಾಗಲೂ ಚೀಲ ಪಿಯಾನೋ ಮೇಲೆ ಕೂತಿತ್ತು. ಪೇಪರಿನವರು ಇದನ್ನು ರಾಣಿಯ ಗತ್ತು ಅಂದರು. ಊರಹಬ್ಬದಲ್ಲಿ ರಾತ್ರಿಯಿಡೀ ತಮಟೆ ಬಡಿದು, ಕೂಲಿ ಅಂತಲ್ಲ, 'ಕೊಟ್ಟಷ್ಟು' ಅಂತ ಮೊರಕ್ಕೆ ಸುರಿಸಿಕೊಂಡು ಬಂದವರ ಮಕ್ಕಳಿಗೆ ಅದು ಗತ್ತಾಗಿ ಕಾಣುವುದಿಲ್ಲ.

ಹಾಗಂತ ದುಡ್ಡು ಬಿಗಿಹಿಡಿದವರೂ ಅಲ್ಲ. ಕಿಂಗ್ ಅವರ ಸಂಘಟನೆಗೆ ನಿಧಿ ಕೂಡಿಸಲು 1967ರಲ್ಲಿ ಬೆಲಫಾಂಟೆ ಜೊತೆ ಊರೂರು ಸುತ್ತಿ ಹಾಡಿದರು. 1970ರಲ್ಲಿ ಕಮ್ಯುನಿಸ್ಟ್ ಅಧ್ಯಾಪಕಿ ಏಂಜೆಲಾ ಡೇವಿಸ್ ಅವರನ್ನು ಕೊಲೆ ಆರೋಪದ ಮೇಲೆ ಜೈಲಿಗೆ ಹಾಕಿದಾಗ, ಜಾಮೀನಿನ ಹಣ ತಾನು ಕಟ್ಟುತ್ತೇನೆ ಅಂತ ಬಹಿರಂಗವಾಗಿ ಹೇಳಿದರು. ತಂದೆಗೆ ಇದು ಸರಿ ಕಾಣಲಿಲ್ಲ. ಕಪ್ಪು ಜನರಿಂದ ಬಂದ ದುಡ್ಡು ಕಪ್ಪು ಜನರಿಗೇ ಆಗಬೇಕು ಅನ್ನುವುದು ಮಗಳ ವಾದ. 1972ರಲ್ಲಿ ಜಾಮೀನು ಸಿಕ್ಕಾಗ ಅರೀತಾ ದೇಶದಲ್ಲಿ ಇರಲಿಲ್ಲ. ಒಬ್ಬ ಬಿಳಿ ರೈತ ತನ್ನ ಜಮೀನನ್ನು ಒತ್ತೆ ಇಟ್ಟು ಬಿಡಿಸಿದ. ಅದೇ ವರ್ಷ ಏಂಜೆಲಾ ನಿರ್ದೋಷಿ ಅಂತ ತೀರ್ಪಾಯ್ತು.

ಪದಕ, ಕಿರೀಟ, ಅಧ್ಯಕ್ಷರ ಪ್ರಮಾಣವಚನದ ಹಾಡು, ಇವೆಲ್ಲ ಆಮೇಲೆ ಬಂದವು. ಅವುಗಳ ಪಟ್ಟಿ ಬೇರೆಯವರು ಓದುತ್ತಾರೆ. 2018ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲೇ ತೀರಿಕೊಂಡರು. ದೇಹವನ್ನು ಕಪ್ಪು ಜನರ ಚರಿತ್ರೆಯ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು, ಜನ ಸಾಲುಗಟ್ಟಿ ನಿಂತು ನೋಡಿ ಹೋದರು.

ಈಗ ಎರಡು ಹಾಡನ್ನೂ ಹಾಕುತ್ತೇವೆ. ಮೊದಲು ರೆಡ್ಡಿಂಗ್ ಅವರದು. ಅರೀತಾ ಹಾಡಿದ ವರ್ಷವೇ ಡಿಸೆಂಬರ್ 10ರಂದು, 26ನೇ ವಯಸ್ಸಿಗೆ ವಿಮಾನ ಬಿದ್ದು ಸತ್ತುಹೋದ ಮನುಷ್ಯ. ಅವರ ದನಿಯಲ್ಲೂ ನೋವಿದೆ, ಅದನ್ನು ತಳ್ಳಿಹಾಕಬೇಡಿ. ಆಮೇಲೆ ಅರೀತಾ ಅವರದು. ಇಂಗ್ಲಿಷ್ ಬಾರದವರು ಹಿಂದಿನ ಅಕ್ಕ-ತಂಗಿಯರ ದನಿ ಎಲ್ಲಿ ಬಂದು ಸೇರುತ್ತದೆ ಅನ್ನುವುದನ್ನಷ್ಟೇ ಗಮನಿಸಿ. ಹಿಂದೆ ಕೂತಿರೋ ಅವ್ವಂದಿರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಜೈ ಭೀಮ್.