ಇದ್ದ ನೂಲಿನಲ್ಲಿ ಬೇಸಗೆಯ ಅಂಗಿ
(ಮಹಿಳಾ ಮಂಡಳಿಯ ಸಭೆಯಲ್ಲಿ ಮಾಡಿದ ಭಾಷಣ)



ಹೆಣಿಗೆಯ ವಿಷಯವೆಂದೊಡನೆ ಗಂಡಸರು ಎದ್ದು ಹೋಗಬೇಡಿರಿ. ನಾನು ಹೇಳುವ ಲೆಕ್ಕ ನಿಮಗೆ ಗೊತ್ತಿರುವ ಲೆಕ್ಕವೇ. ಬಾವಿಯಲ್ಲಿ ನೀರೆಷ್ಟಿದೆಯೆಂದು ನೋಡಿಕೊಂಡು ತಾನೆ ನೀವು ಬೇಸಗೆ ಬೆಳೆಗೆ ಕೈಹಾಕುವುದು? ಎರಡೆಕರೆಗೆ ನಾಟಿ ಮಾಡಿ, ಒಂದೆಕರೆಗೇ ನೀರು ಮುಗಿದರೆ ಗತಿಯೇನು? ಅಂಗಿಯ ವಿಷಯದಲ್ಲಿ ನನಗೂ ಹೀಗೆಯೇ ಆಯಿತು.

ಮನೆಯಲ್ಲಿ ಹತ್ತಿಯ ನೂಲು ಸ್ವಲ್ಪ ಉಳಿದಿತ್ತು. ಮಗಳಿಗೆ ಬೇಸಗೆಗೊಂದು ಅಂಗಿಯಾದೀತೆಂದು ತೂಗದೆ, ಅಳೆಯದೆ ಹೆಣೆಯತೊಡಗಿದೆ. ಬೆನ್ನಿನ ಭಾಗ ಮುಗಿಯಿತು. ಎದೆಯ ಭಾಗ ಅರ್ಧವಾಗುವಷ್ಟರಲ್ಲಿ ನೂಲು ತೀರಿತು. ಪೇಟೆಯಲ್ಲಿ ಅದೇ ಬಣ್ಣ ಸಿಕ್ಕಲಿಲ್ಲ. ಅರ್ಧ ಅಂಗಿ ಪೆಟ್ಟಿಗೆಯಲ್ಲಿ ಉಳಿಯಿತು, ಹುಡುಗಿ ಬೆಳೆದುಬಿಟ್ಟಳು. ಎಷ್ಟೋ ಸಂಜೆಗಳ ದುಡಿಮೆ ವ್ಯರ್ಥವಾಯಿತು. ನಿಮಗೆ ಹಾಗಾಗಬಾರದೆಂದು ಈ ಮಾತು.

ಮೊದಲನೆಯದಾಗಿ, ಇರುವ ನೂಲನ್ನು ತೂಗಿರಿ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 90 ಗ್ರಾಂ ಇದೆಯೆನ್ನೋಣ.

ಎರಡನೆಯದಾಗಿ, 10 ಸೆಂಟಿಮೀಟರ್ ಚೌಕದ ಒಂದು ಮಾದರಿ ತುಂಡನ್ನು ಹೆಣೆಯಿರಿ. ಅದನ್ನು ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. ಹತ್ತಿಯ ನೂಲು ಒಗೆದ ಮೇಲೆ ಕುಗ್ಗುವುದುಂಟು. ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗರ ತಕ್ಕಡಿಯೇ ಸರಿ. ತುಂಡು 4 ಗ್ರಾಂ ತೂಗಿತೆನ್ನೋಣ.

ಈಗ ಲೆಕ್ಕ. ಎದೆಸುತ್ತು 60 ಸೆಂಟಿಮೀಟರ್ ಇರುವ ಮಗುವಿಗೆ ಗಾಳಿಯಾಡಲು 4 ಸೇರಿಸಿದರೆ 64. ಬೆನ್ನಿಗೊಂದು, ಎದೆಗೊಂದು, ತಲಾ 32 ಅಗಲ, 40 ಉದ್ದದ ಎರಡು ತುಂಡುಗಳು ಬೇಕು. ಎರಡೂ ಸೇರಿ 2,560 ಚದರ ಸೆಂಟಿಮೀಟರ್, ಅಂದರೆ ಇಪ್ಪತ್ತೈದೂವರೆ ಮಾದರಿ ತುಂಡುಗಳಷ್ಟು. ತಲಾ 4 ಗ್ರಾಂನಂತೆ 102 ಗ್ರಾಂ. ಹೊಲಿಗೆ, ಅಂಚುಗಳಿಗೆ ಹತ್ತರಲ್ಲೊಂದು ಪಾಲು ಸೇರಿಸಿದರೆ ಸುಮಾರು 112 ಗ್ರಾಂ. ನಮ್ಮಲ್ಲಿರುವುದು 90. ಆದುದರಿಂದ ಈ ಹೆಣಿಗೆ ಸಲ್ಲದು.

ಹಾಗೆಂದು ಕೈಬಿಡಬೇಕಾಗಿಲ್ಲ. ಒಂದು ಅಳತೆ ದಪ್ಪನೆಯ ಕಡ್ಡಿಯಿಂದ ಜಾಲರಿ ಹೆಣಿಗೆ ಹೆಣೆದು ನೋಡಿರಿ. ನೂಲನ್ನು ಕಡ್ಡಿಯ ಮೇಲೊಮ್ಮೆ ಹಾಯಿಸಿ, ಮುಂದಿನ ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದರೆ ಒಂದು ರಂಧ್ರ ಬೀಳುತ್ತದೆ; ಕುಣಿಕೆಗಳ ಎಣಿಕೆ ಬದಲಾಗುವುದಿಲ್ಲ. ಗಾಳಿಯೂ ಆಡುತ್ತದೆ, ನೂಲೂ ಉಳಿಯುತ್ತದೆ. ಅದೇ ಅಳತೆಯ ಜಾಲರಿ ತುಂಡು 3 ಗ್ರಾಂ ತೂಗಿದರೆ, ಎಲ್ಲ ಸೇರಿ ಸುಮಾರು 85 ಗ್ರಾಂ ಸಾಕು. ಈ ತುಂಡಿನಲ್ಲಿ 10 ಸೆಂಟಿಮೀಟರಿಗೆ 18 ಕುಣಿಕೆಗಳಿದ್ದರೆ 32ಕ್ಕೆ 58. ಅಂಚಿನ ಹೊಲಿಗೆಗೆ 2 ಸೇರಿಸಿ 60 ಕುಣಿಕೆ ಹಾಕಿರಿ. ಮಾದರಿ ತುಂಡುಗಳನ್ನು ಬಿಚ್ಚಿ ಆ ನೂಲನ್ನೂ ಬಳಸಬಹುದು.

ಮೂರನೆಯದು ಮುಖ್ಯವಾದ ಮಾತು. ನೂಲನ್ನು ತೂಗಿ ಎರಡು ಸಮನಾದ ಉಂಡೆ ಮಾಡಿರಿ; ಬೆನ್ನಿಗೊಂದು, ಎದೆಗೊಂದು. ಹೆಗಲಿನಿಂದ ಪ್ರಾರಂಭಿಸಿ ಕೆಳಮುಖವಾಗಿ ಹೆಣೆಯಿರಿ. ನೂಲು ಕಡಿಮೆಬಿದ್ದರೆ ಅದು ಕೆಳಗಿನ ಅಂಚಿನಲ್ಲಿ ಬೀಳಲಿ. ಅಲ್ಲಿ ಬೇರೆ ಬಣ್ಣದ ನಾಲ್ಕು ಬೆರಳು ಪಟ್ಟಿ ಕೊಟ್ಟರೆ ಬೇಕೆಂದೇ ಇಟ್ಟ ಅಂಚಿನಂತೆ ಕಾಣುತ್ತದೆ. ಹತ್ತಿಯೊಡನೆ ಉಣ್ಣೆಯನ್ನು ಬೆರೆಸಬೇಡಿರಿ. ಒಗೆತದಲ್ಲಿ ಎರಡೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೊನೆಯ ಸಾಲನ್ನು ಮುಚ್ಚಲು ತುಂಡಿನ ಅಗಲದ ನಾಲ್ಕರಷ್ಟು ಉದ್ದದ ನೂಲನ್ನು, ಪಕ್ಕದ ಹೊಲಿಗೆಗೆ ಇನ್ನಷ್ಟನ್ನು ತೆಗೆದಿಡಿರಿ.

ಜೋಡಿಸುವಾಗ ಕುತ್ತಿಗೆಗೆ ನಡುವೆ 20 ಸೆಂಟಿಮೀಟರ್ ಬಿಡಿರಿ. ಎರಡು ಬದಿಗೂ 6 ಸೆಂಟಿಮೀಟರ್ ಹೆಗಲು ಉಳಿಯುತ್ತದೆ. ಒಂದು ಹೆಗಲನ್ನು ಹೊಲಿಯಿರಿ. ಇನ್ನೊಂದಕ್ಕೆ ಎರಡು ಗುಂಡಿ ಇಟ್ಟರೆ ಮಗುವಿನ ತಲೆ ಸುಲಭವಾಗಿ ತೂರುತ್ತದೆ. ಪಕ್ಕಗಳಲ್ಲಿ ಮೇಲಿನ 15 ಸೆಂಟಿಮೀಟರನ್ನು ತೋಳಿಗಾಗಿ ಬಿಟ್ಟು ಹೊಲಿಯಿರಿ. ಹತ್ತಿಯ ಹೆಣಿಗೆ ಒದ್ದೆಯಾದಾಗ ಭಾರವಾಗಿ ಜೋಲುತ್ತದೆ. ಹಗ್ಗಕ್ಕೆ ತೂಗುಹಾಕದೆ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿರಿ.

ಇಂದು ಸಂತೆಯಲ್ಲಿ ಅಂಗಿ ಸಿದ್ಧವಾಗಿಯೇ ಸಿಕ್ಕುತ್ತದೆ, ಇಷ್ಟು ಕಷ್ಟವೇಕೆ ಎಂದು ಯಾರಾದರೂ ಕೇಳಬಹುದು. ಬಿಡುವಿಲ್ಲದವರು ಕೊಂಡುಕೊಳ್ಳಲಿ, ತಪ್ಪಿಲ್ಲ. ಆದರೆ ಪೆಟ್ಟಿಗೆಯಲ್ಲಿ ಬಿದ್ದಿರುವ ನೂಲಿಗೆ ದುಡ್ಡು ಆಗಲೇ ಕೊಟ್ಟಾಗಿದೆ. ಸುಗ್ಗಿ ಮುಗಿದು ಬಿಸಿಲು ಏರುವ ಮೊದಲೇ ಅದನ್ನು ಹೊರತೆಗೆಯಿರಿ. ನಾನೂ ಆ ಅರ್ಧ ಅಂಗಿಯನ್ನು ಬಿಚ್ಚಿ, ನೂಲನ್ನು ಒಗೆದು, ತೂಗಿ ಇಟ್ಟಿದ್ದೇನೆ. ಈ ಸಲ ಕಿರಿಯ ಮಗನಿಗೆ. ತಕ್ಕಡಿ ಹಿಡಿಯುವ ಕೆಲಸ ನಮ್ಮ ಯಜಮಾನರದು.