ಹುಂಜದ ಗುರುತು, ಕರಿಚಿರತೆಯ ಗುರುತು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಅಮೆರಿಕಾದ ರಾಜಕಾರಣದ ಬಗ್ಗೆ ಮಾತಾಡಿ ಅಂತ ಹೇಳಿದ್ದೀರಿ. ನಾವು ಅಮೆರಿಕಾ ನೋಡಿದವರಲ್ಲ, ಓದಿ ತಿಳಿದವರು. ಆದರೆ ಆ ದೇಶದ ಒಂದು ಮೂಲೆಯಿಂದ ಹೊರಟ ಒಂದು ಗುರುತು ನಮ್ಮ ಚಳವಳಿಯ ಬಾಗಿಲಿಗೂ ಬಂದಿದೆ. ಹೇಗೆ ಬಂತು ಅನ್ನೋದನ್ನ ಕೊನೆಗೆ ಹೇಳುತ್ತೇವೆ. ಅದಕ್ಕೂ ಮುಂಚೆ, ಅಲ್ಲಿನ ಜನ ತಮ್ಮ ಸರ್ಕಾರವನ್ನ ಯಾಕೆ ನಂಬುತ್ತಿಲ್ಲ, ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನ ಯಾಕೆ ಕಳ್ಳರು ಅಂತಾರೆ, ಆ ಜಗಳದಲ್ಲಿ ಏಟು ತಿನ್ನೋರು ಯಾರು, ಇಷ್ಟನ್ನ ನೋಡೋಣ.

1964ರಲ್ಲಿ ಅಲ್ಲಿ ನೂರಕ್ಕೆ 77 ಜನ, ವಾಷಿಂಗ್ಟನ್ನಿನ ಸರ್ಕಾರ ಹೆಚ್ಚಿನ ಸಲ ಸರಿಯಾದ್ದನ್ನೇ ಮಾಡುತ್ತೆ ಅಂತ ನಂಬಿದ್ದರು. 2023ರಲ್ಲಿ ಹಾಗೆ ನಂಬಿದವರು ನೂರಕ್ಕೆ 16. ನಡುವೆ ವಿಯೆಟ್ನಾಂ ಯುದ್ಧದ ಸುಳ್ಳುಗಳು ಬಂದವು. 1972ರಲ್ಲಿ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಕನ್ನ ಹಾಕಿದವರು ಸಿಕ್ಕಿಬಿದ್ದರು. 1973ರಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ರಾಜೀನಾಮೆ ಕೊಟ್ಟ, 1974ರಲ್ಲಿ ಅಧ್ಯಕ್ಷ ನಿಕ್ಸನ್ನೇ ರಾಜೀನಾಮೆ ಕೊಟ್ಟ. ನಂಬಿಕೆ ಇಳಿಯಿತು. ಇಳಿಯಬೇಕಾದ್ದೇ.

ಆದರೆ ಒಂದು ಪ್ರಶ್ನೆ. ಆ 77 ಯಾರ ನಂಬಿಕೆ? ಅದನ್ನ ಸುವರ್ಣ ಕಾಲ ಅಂತ ಬರೆಯೋ ಪಂಡಿತರಿದ್ದಾರೆ. ಅದೇ 1964ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಓಟಿನ ವಯಸ್ಸಿಗೆ ಬಂದ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಓಟಿನ ಪಟ್ಟಿಯಲ್ಲಿರಲಿಲ್ಲ. ಹೆಸರು ಬರೆಸೋಕೆ ಹೋದವರು ಕೆಲಸ ಕಳಕೊಂಡರು, ಗುಡಿಸಲು ಕಳಕೊಂಡರು, ಕೆಲವರು ಪ್ರಾಣವನ್ನೇ ಕಳಕೊಂಡರು. ಅವರ ಮಟ್ಟಿಗೆ ಗುಮಾನಿ 1974ರಲ್ಲಿ ಹುಟ್ಟಿದ್ದಲ್ಲ. ಅದು ಹಡಗಿನ ತಳದಲ್ಲಿ ಸಂಕೋಲೆ ಬಿದ್ದ ದಿನವೇ ಹುಟ್ಟಿದ್ದು.

ಈಚಿನ ಗುಮಾನಿ ಬೇರೆ ಥರದ್ದು. ಅದು ಪಕ್ಷದ ಬಾವುಟ ನೋಡಿ ಎದ್ದು ನಿಲ್ಲುತ್ತೆ, ಪಕ್ಷದ ಬಾವುಟ ನೋಡಿ ಮಲಗುತ್ತೆ. 2016ರಲ್ಲಿ ಒಂದು ಸಮೀಕ್ಷೆ ಕೇಳಿತು: ಎದುರು ಪಕ್ಷದವರು ಬೇರೆ ಅಮೆರಿಕನ್ನರಿಗಿಂತ ನೀತಿಗೆಟ್ಟವರಾ? ರಿಪಬ್ಲಿಕನ್ನರಲ್ಲಿ ನೂರಕ್ಕೆ 47 ಜನ, ಡೆಮಾಕ್ರಟರಲ್ಲಿ ನೂರಕ್ಕೆ 35 ಜನ ಹೌದು ಅಂದರು. 2022ರಲ್ಲಿ ಮತ್ತೆ ಕೇಳಿದಾಗ ಅದು 72 ಮತ್ತು 63 ಆಗಿತ್ತು. ನೆನಪಿಡಿ, ಇದು ಲೀಡರುಗಳ ಬಗ್ಗೆ ಹೇಳಿದ ಮಾತಲ್ಲ. ಪಕ್ಕದ ಮನೆಯವನ ಬಗ್ಗೆ, ಒಂದೇ ಕಾರ್ಖಾನೆಯಲ್ಲಿ ಬೆವರು ಸುರಿಸೋನ ಬಗ್ಗೆ ಹೇಳಿದ ಮಾತು. ಶ್ವೇತಭವನದಲ್ಲಿ ನಮ್ಮ ಪಕ್ಷದವನು ಕೂತರೆ ಸರ್ಕಾರದ ಮೇಲೆ ನಂಬಿಕೆ ಏರುತ್ತೆ, ಅವರ ಪಕ್ಷದವನು ಕೂತರೆ ಇಳಿಯುತ್ತೆ. ಕುರ್ಚಿ ಅದೇ, ಖಜಾನೆ ಅದೇ.

ಹಾಗಾದರೆ ಭ್ರಷ್ಟಾಚಾರ ಬರೀ ಕಟ್ಟುಕತೆಯಾ? ಅಲ್ಲ. ನ್ಯೂಜೆರ್ಸಿಯ ಡೆಮಾಕ್ರಟಿಕ್ ಸೆನೆಟರ್ ಬಾಬ್ ಮೆನೆಂಡೆಜ್ ಮನೆಯಲ್ಲಿ ಚಿನ್ನದ ಗಟ್ಟಿಗಳು ಸಿಕ್ಕವು, ನೋಟಿನ ಕಂತೆಗಳು ಸಿಕ್ಕವು. 2024ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು, 2025ರ ಜನವರಿಯಲ್ಲಿ 11 ವರ್ಷ ಜೈಲು ಅಂದರು. ನ್ಯೂಯಾರ್ಕಿನ ರಿಪಬ್ಲಿಕನ್ ಜಾರ್ಜ್ ಸ್ಯಾಂಟೋಸ್‌ನನ್ನ 2023ರ ಡಿಸೆಂಬರಿನಲ್ಲಿ ಸಭೆಯಿಂದಲೇ ಹೊರಹಾಕಿದರು. 2025ರ ಏಪ್ರಿಲ್‌ನಲ್ಲಿ ಏಳು ವರ್ಷಕ್ಕೂ ಮೀರಿದ ಶಿಕ್ಷೆಯಾಯಿತು, ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪ್ ಆ ಶಿಕ್ಷೆಯನ್ನ ಕಡಿತ ಮಾಡಿ ಬಿಡಿಸಿದ. ಅದಕ್ಕೂ ಮುಂಚೆ 2024ರ ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ತನ್ನ ಸ್ವಂತ ಮಗನಿಗೇ ಕ್ಷಮಾದಾನ ಕೊಟ್ಟಿದ್ದ. ಇವರ ಪಕ್ಷದ ಪತ್ರಿಕೆ ಅವರದನ್ನ ದಪ್ಪಕ್ಷರದಲ್ಲಿ ಬರೆಯುತ್ತೆ, ಅವರ ಪಕ್ಷದ ಪತ್ರಿಕೆ ಇವರದನ್ನ. ಎರಡನ್ನೂ ಒಂದೇ ಪುಟದಲ್ಲಿ ಓದೋರು ಕಮ್ಮಿ.

ಇವೆಲ್ಲ ಸಿಕ್ಕಿಬಿದ್ದ ಕಳ್ಳತನಗಳು. ಕಾನೂನೇ ಬಾಗಿಲು ತೆಗೆದುಕೊಟ್ಟ ಕಳ್ಳತನ ಇದಕ್ಕಿಂತ ದೊಡ್ಡದು. ವರ್ಜೀನಿಯಾದ ರಿಪಬ್ಲಿಕನ್ ಗವರ್ನರ್ ಬಾಬ್ ಮ್ಯಾಕ್‌ಡೊನೆಲ್ ಮತ್ತು ಅವನ ಹೆಂಡತಿ ಒಬ್ಬ ವ್ಯಾಪಾರಿಯಿಂದ 1,75,000 ಡಾಲರಿಗೂ ಮೀರಿ ಸಾಲ, ಉಡುಗೊರೆ ತಗೊಂಡಿದ್ದರು. ಅದರಲ್ಲಿ ಒಂದು ರೋಲೆಕ್ಸ್ ಗಡಿಯಾರವೂ ಇತ್ತು. ಅವನಿಗೆ ಆಗಿದ್ದ ಶಿಕ್ಷೆಯನ್ನ 2016ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಆ ವ್ಯಾಪಾರಿಗಾಗಿ ಒಂದು ಸಭೆ ಏರ್ಪಡಿಸೋದು, ಅಧಿಕಾರಿಗೆ ಒಂದು ಫೋನ್ ಮಾಡೋದು, ಇಷ್ಟೇ ಆದರೆ ಅದು ಲಂಚಕ್ಕೆ ಪ್ರತಿಯಾಗಿ ಮಾಡಿದ ಸರ್ಕಾರಿ ಕೆಲಸ ಆಗೋಲ್ಲ ಅಂತ. ಎರಡೂ ಪಕ್ಷದ ಅಧ್ಯಕ್ಷರು ನೇಮಿಸಿದ ಎಂಟು ನ್ಯಾಯಾಧೀಶರೂ ಇದಕ್ಕೆ ಒಂದೇ ದನಿಯಲ್ಲಿ ಹೂಂ ಅಂದರು. ಜಗಳವೇ ಇರಲಿಲ್ಲ.

2024ರಲ್ಲಿ ಇನ್ನೊಂದು ತೀರ್ಪು ಬಂತು. ಇಂಡಿಯಾನ ರಾಜ್ಯದ ಪೋರ್ಟೇಜ್ ಅನ್ನೋ ಊರಿನ ಮೇಯರು. ಕಸದ ಲಾರಿ ಕೊಳ್ಳೋ ಕಂತ್ರಾಟು ಒಂದು ಕಂಪನಿಗೆ ಹೋಯಿತು, ಆಮೇಲೆ ಆ ಕಂಪನಿಯಿಂದ ಮೇಯರಿಗೆ 13,000 ಡಾಲರು ಬಂತು. ಕೆಲಸಕ್ಕೆ ಮುಂಚೆ ಮಾತಾಡಿಕೊಂಡಿದ್ದರೆ ಲಂಚ, ಕೆಲಸ ಆದ ಮೇಲೆ ಕೊಟ್ಟರೆ ಭಕ್ಷೀಸು, ಭಕ್ಷೀಸಿಗೆ ಈ ಕೇಂದ್ರ ಕಾನೂನು ಅನ್ವಯಿಸೋಲ್ಲ ಅಂತ ಆರು ನ್ಯಾಯಾಧೀಶರು ಹೇಳಿದರು. ಮೂವರು ಒಪ್ಪಲಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ನಮ್ಮ ಜನಕ್ಕೆ ಈ ಭಕ್ಷೀಸಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಚುನಾವಣೆಗೆ ಹಣ ಸುರಿಯೋದಂತೂ ಅಲ್ಲಿ ಹಕ್ಕು. 1976ರಲ್ಲಿ ಕೋರ್ಟು ಚುನಾವಣಾ ಖರ್ಚಿಗೆ ಹಾಕಿದ್ದ ಮಿತಿಗಳನ್ನ, ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಕಿತ್ತುಹಾಕಿತು. 2010ರಲ್ಲಿ ಕಂಪನಿಗಳೂ ಅಭ್ಯರ್ಥಿಯಿಂದ ದೂರ ನಿಂತು ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತ 5–4ರ ತೀರ್ಪು ಕೊಟ್ಟಿತು. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗಾಗಿ ಮೈಕೇಲ್ ಬ್ಲೂಮ್‌ಬರ್ಗ್ ಅನ್ನೋ ಧಣಿ ತನ್ನ ಜೇಬಿನಿಂದಲೇ ಸುಮಾರು 100 ಕೋಟಿ ಡಾಲರು ಸುರಿದ. 2024ರಲ್ಲಿ ರಿಪಬ್ಲಿಕನ್ನರ ಪರವಾಗಿ ಈಲಾನ್ ಮಸ್ಕ್ 25 ಕೋಟಿ ಡಾಲರಿಗೂ ಹೆಚ್ಚು ಸುರಿದ. ಹಣವೇ ಮಾತಾದರೆ, ಹಣ ಇಲ್ಲದವನು ಮೂಗನಾ?

ಬಂಧುಗಳೇ, ಇಲ್ಲಿವರೆಗೂ ಹೇಳಿದ್ದು ಥೈಲಿಯ ಕತೆ. ಥೈಲಿ ಕೆಡಿಸುತ್ತೆ ಅಂತ ಜನಕ್ಕೂ ಗೊತ್ತು. ಆದರೆ ಭ್ರಷ್ಟಾಚಾರ ತೊಲಗಿಸುತ್ತೇವೆ ಅಂತ ದೊಡ್ಡವರು ಎದ್ದಾಗ ಪೊರಕೆ ಬೀಳೋದು ಥೈಲಿಯ ಮೇಲಲ್ಲ, ಬಡವನ ಓಟಿನ ಮೇಲೆ. ಇದಕ್ಕೆ ಅಲ್ಲಿನ ಚರಿತ್ರೆಯೇ ಸಾಕ್ಷಿ.

1876ರ ಚುನಾವಣೆ. ಆಗ ರಿಪಬ್ಲಿಕನ್ನರದು ಲಿಂಕನ್ನನ ಪಕ್ಷ, ಡೆಮಾಕ್ರಟರದು ದಕ್ಷಿಣದ ಬಿಳೀ ಜಮೀನ್ದಾರರ ಪಕ್ಷ. ಇಬ್ಬರೂ ಒಬ್ಬರನ್ನೊಬ್ಬರು ಓಟುಗಳ್ಳರು ಅಂದರು. 15 ಜನರ ಆಯೋಗ ಕೂತಿತು. ಎಂಟಕ್ಕೆ ಏಳರಂತೆ ಪಕ್ಷಕ್ಕೆ ತಕ್ಕ ಹಾಗೆ ಕೈ ಎತ್ತಿದರು. 185ಕ್ಕೆ 184, ಒಂದೇ ಒಂದು ಮತದಲ್ಲಿ ರಿಪಬ್ಲಿಕನ್ ಹೇಯ್ಸ್ ಅಧ್ಯಕ್ಷನಾದ. ಕುರ್ಚಿ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಏನು ಸಿಕ್ಕಿತು? 1877ರಲ್ಲಿ ಸೌತ್ ಕೆರೊಲಿನಾ, ಲೂಸಿಯಾನಾ ರಾಜಧಾನಿಗಳಲ್ಲಿ ಕಾವಲಿದ್ದ ಕೇಂದ್ರದ ಸೈನ್ಯ ಹಿಂದೆ ಸರಿಯಿತು. ಗುಲಾಮಗಿರಿಯಿಂದ ಆಗಷ್ಟೇ ಹೊರಬಂದಿದ್ದ ಕಪ್ಪು ಜನ ಹಳೇ ಧಣಿಗಳ ಕೈಗೆ ಮತ್ತೆ ಬಿದ್ದರು. ಆನೆ ಆನೆ ಜಗಳ ಆಡಿದರೂ ಹುಲ್ಲಿಗೇ ಏಟು, ರಾಜಿ ಆದರೂ ಹುಲ್ಲಿಗೇ ಏಟು.

ಆಮೇಲೆ ಬಿಳಿಯರು ಪೆಟ್ಟಿಗೆಗೆ ಕಳ್ಳ ಓಟು ತುಂಬಿ, ಬಂದೂಕು ತೋರಿಸಿ ಗೆದ್ದರು. 1890ರಲ್ಲಿ ಮಿಸಿಸಿಪ್ಪಿಗೆ ಹೊಸ ಸಂವಿಧಾನ ಬರೆಯೋಕೆ ಕೂತಾಗ ಅವರಲ್ಲೇ ಒಬ್ಬ ನ್ಯಾಯಾಧೀಶ, 1875ರಿಂದ ಈ ರಾಜ್ಯದಲ್ಲಿ ನ್ಯಾಯವಾಗಿ ಓಟು ಎಣಿಸಿದ್ದೇ ಇಲ್ಲ ಅಂತ ಬಾಯಿಬಿಟ್ಟು ಒಪ್ಪಿಕೊಂಡ. ಸರಿ, ಹಾಗಾದರೆ ಪರಿಹಾರ? ಕಳ್ಳ ಓಟು ಹಾಕಿದವನ ಕೈ ಹಿಡಿಯೋದಲ್ಲ, ಯಾರ ಓಟಿಗೆ ಹೆದರಿ ಕಳ್ಳತನ ಮಾಡಿದರೋ ಅವರ ಓಟನ್ನೇ ಕೀಳೋದು! ಎರಡು ಡಾಲರು ತಲೆಗಂದಾಯ ಕಟ್ಟು, ಸಂವಿಧಾನದ ಕಲಮು ಓದು, ಇಲ್ಲಾ ಅರ್ಥ ಹೇಳು ಅಂದರು. ಅರ್ಥ ಸರಿಯೋ ತಪ್ಪೋ ಅಂತ ಹೇಳೋನು ಬಿಳೀ ಗುಮಾಸ್ತ. ಇದಕ್ಕೆ ಅವರು ಇಟ್ಟ ಹೆಸರು ಚುನಾವಣೆಯ ಶುದ್ಧಿ.

ಶುದ್ಧಿ! ಈ ಪದ ಕೇಳಿದ ಕೂಡಲೇ ನಮ್ಮ ಮೈ ಯಾಕೆ ಜುಂ ಅನ್ನುತ್ತೆ ಅಂತ ನಿಮಗೆ ಗೊತ್ತು.

1898ರಲ್ಲಿ ಲೂಸಿಯಾನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1867ರ ಜನವರಿ 1ಕ್ಕೆ ನಿನ್ನ ಅಪ್ಪನಿಗೋ ಅಜ್ಜನಿಗೋ ಓಟಿದ್ದರೆ ನಿನಗೆ ಪರೀಕ್ಷೆ ಇಲ್ಲ ಅಂದರು. ಗುಲಾಮನ ಮಗನ ಅಜ್ಜನಿಗೆ ಓಟು ಎಲ್ಲಿಂದ ಬರಬೇಕು? ಹುಟ್ಟು ನೋಡಿ ಹಕ್ಕು ಕೊಡೋ ವಿದ್ಯೆ ನಮ್ಮ ದೇಶದ್ದು ಮಾತ್ರ ಅಂದುಕೊಂಡಿದ್ದೆವು. 1896ರಲ್ಲಿ ಆ ರಾಜ್ಯದ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1904ರಲ್ಲಿ ಉಳಿದವರು 1,342.

ಇದು ಹಳೇ ಕಾಲದ ಮಾತು ಅಂತೀರಾ? ಕಾಲ ಬದಲಾಯಿತು ನಿಜ. 1960ರ ದಶಕದಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕಿನ ಕಾನೂನುಗಳಿಗೆ ಸಹಿ ಹಾಕಿದ. ದಕ್ಷಿಣದ ಬಿಳಿಯರು ಮೆಲ್ಲಮೆಲ್ಲಗೆ ರಿಪಬ್ಲಿಕನ್ ಕಡೆ ಹೋದರು. ಪಕ್ಷಗಳು ಅಂಗಿ ಬದಲಾಯಿಸಿಕೊಂಡವು. ಪೊರಕೆ ಮಾತ್ರ ಬದಲಾಗಲಿಲ್ಲ. 2020ರಲ್ಲಿ ಸೋತ ಟ್ರಂಪ್ ಕಡೆಯವರು ಓಟು ಕದ್ದರು ಅಂತ ಕೂಗಿದರು. ಎಲ್ಲಿ ಕದ್ದರಂತೆ? ಡೆಟ್ರಾಯಿಟ್, ಫಿಲಡೆಲ್ಫಿಯಾ, ಮಿಲ್ವಾಕಿ, ಅಟ್ಲಾಂಟಾ. ಎಲ್ಲ ಕಪ್ಪು ಜನ ತುಂಬಿರೋ ನಗರಗಳೇ. 60ಕ್ಕೂ ಹೆಚ್ಚು ಮೊಕದ್ದಮೆ ಹಾಕಿದರು, ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ 2021ರ ಜನವರಿ 6ರಂದು ಸಂಸತ್ತಿಗೇ ನುಗ್ಗಿದರು.

ಅಟ್ಲಾಂಟಾದಲ್ಲಿ ಓಟು ಎಣಿಸೋ ಕೆಲಸದಲ್ಲಿ ಒಬ್ಬ ಕಪ್ಪು ತಾಯಿ ಮತ್ತು ಅವಳ ಮಗಳಿದ್ದರು. ತಾಯಿ ಮಗಳ ಕೈಗೆ ಏನೋ ಕೊಟ್ಟದ್ದು ಕ್ಯಾಮೆರಾದಲ್ಲಿ ಬಿತ್ತು. ಯಂತ್ರಕ್ಕೆ ಮೋಸ ಮಾಡೋ ಸಾಮಾನು ಅಂತ ಟ್ರಂಪನ ವಕೀಲ ಜೂಲಿಯಾನಿ ಊರೆಲ್ಲ ಸಾರಿದ. ಬೆದರಿಕೆಗೆ ತಾಯಿ ಮನೆ ಬಿಟ್ಟು ಓಡಬೇಕಾಯಿತು. ಅವಳು ಕೊಟ್ಟಿದ್ದು ಏನು ಅಂತ 2022ರಲ್ಲಿ ಮಗಳು ಸಂಸತ್ತಿನ ಸಮಿತಿಯ ಮುಂದೆ ಹೇಳಿದಳು: ಒಂದು ಶುಂಠಿ ಪೆಪ್ಪರಮೆಂಟು. 2023ರಲ್ಲಿ ಜ್ಯೂರಿ ಜೂಲಿಯಾನಿಗೆ 14.8 ಕೋಟಿ ಡಾಲರು ಪರಿಹಾರ ಕಟ್ಟು ಅಂದಿತು. ಕಳಕೊಂಡ ನೆಮ್ಮದಿಗೆ ಯಾವ ಜ್ಯೂರಿ ಬೆಲೆ ಕಟ್ಟುತ್ತೆ?

ಅದೇ ಜಾರ್ಜಿಯಾ ರಾಜ್ಯ 2021ರಲ್ಲಿ ಚುನಾವಣೆಯ ನಂಬಿಕೆ ಉಳಿಸೋಕೆ ಅಂತ ಕಾನೂನು ತಂದಿತು. ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಬೇರೆಯವರು ನೀರು ಕೊಡೋದೂ ಅದರ ಪ್ರಕಾರ ಅಪರಾಧ. ಸಾಲು ಉದ್ದ ಇರೋದು ಹೆಚ್ಚಾಗಿ ಕಪ್ಪು ಜನರ ಕೇರಿಗಳಲ್ಲೇ. ಬಾಯಾರಿದವನಿಗೂ ನೀರಿಗೂ ನಡುವೆ ಇಷ್ಟು ಅಡಿ ಅಂತ ಅಳತೆ ಹಾಕೋರನ್ನ ನಾವು ಬಲ್ಲೆವು. ಕೆರೆ ಬಾವಿಗಳ ಹತ್ತಿರ ತಲೆತಲಾಂತರದಿಂದ ಬಲ್ಲೆವು.

ಈಗ ಮೊದಲು ಹೇಳಿದ ಗುರುತಿನ ಮಾತಿಗೆ ಬರುತ್ತೇವೆ. ಅಲಬಾಮಾ ರಾಜ್ಯದ ಲೌಂಡ್ಸ್ ಅನ್ನೋ ಜಿಲ್ಲೆ. ಅಲ್ಲಿ ನೂರಕ್ಕೆ 80ರಷ್ಟು ಕಪ್ಪು ಜನ. 1965ರ ಆರಂಭದಲ್ಲಿ ಓಟಿನ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆ ರಾಜ್ಯದಲ್ಲಿ ನಮ್ಮಲ್ಲಿಯ ಹಾಗೆ ಪಕ್ಷಕ್ಕೊಂದು ಗುರುತು ಇರುತ್ತಿತ್ತು. ಡೆಮಾಕ್ರಟಿಕ್ ಪಕ್ಷದ ಗುರುತು ಬಿಳೀ ಹುಂಜ. ಅದರ ಜೊತೆಗೆ ಬಿಳಿಯರ ಮೇಲುಗೈ ಅನ್ನೋ ಘೋಷಣೆ. 1966ರವರೆಗೂ ಅದು ಓಟಿನ ಚೀಟಿಯ ಮೇಲೆ ಬಹಿರಂಗವಾಗೇ ಇತ್ತು. ರಿಪಬ್ಲಿಕನ್ನರಿಂದ ಆ ಜನಕ್ಕೆ ಯಾವ ಆಸೆಯೂ ಇರಲಿಲ್ಲ. ಡೆಮಾಕ್ರಟರನ್ನಂತೂ 1964ರಲ್ಲೇ ನೋಡಿದ್ದರು. ಮಿಸಿಸಿಪ್ಪಿಯ ಕೂಲಿ ಹೆಣ್ಣುಮಗಳು ಫ್ಯಾನಿ ಲೂ ಹೇಮರ್ ಮತ್ತು ಅವಳ ಸಂಗಾತಿಗಳು ಆ ಪಕ್ಷದ ಮಹಾ ಅಧಿವೇಶನಕ್ಕೆ ಹೋಗಿ ತಮ್ಮ ಜಾಗ ಕೇಳಿದಾಗ, ಎರಡು ಸೀಟು ತಗೊಂಡು ಸುಮ್ಮನಿರಿ ಅಂದಿದ್ದರು. ಅವರು ಆ ಎರಡನ್ನೂ ಬೇಡ ಅಂದು ಎದ್ದುಬಂದಿದ್ದರು.

ಲೌಂಡ್ಸ್ ಜನಕ್ಕಿಂತ ಹೆಚ್ಚು ಗುಮಾನಿ ಪಡೋಕೆ ಯಾರಿಗೆ ಕಾರಣ ಇತ್ತು? ಎಲ್ಲರೂ ಕಳ್ಳರೇ ಅಂತ ಕಂಬಳಿ ಹೊದ್ದು ಮಲಗಬಹುದಿತ್ತು. ಮಲಗಲಿಲ್ಲ. ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ಅವನ ಜೊತೆಯ ಹುಡುಗರು, ಊರಿನ ಜಾನ್ ಹ್ಯೂಲೆಟ್ ಥರದವರು ಮನೆಮನೆಗೆ ಹೋಗಿ ಹೆಸರು ಬರೆಸಿದರು. ಹೆಸರು ಬರೆಸಿದ್ದಕ್ಕೆ ಧಣಿಗಳು ವಾರಕ್ಕೆ ಬೇಸಾಯ ಮಾಡೋ ಕುಟುಂಬಗಳನ್ನ ಗುಡಿಸಲಿಂದ ಹೊರಹಾಕಿದರು. ಆ ಜನ ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡು ಚಳಿ ಮಳೆಯಲ್ಲಿ ಕೂತರು, ಪಟ್ಟಿಯಿಂದ ಹೆಸರು ಮಾತ್ರ ತೆಗೆಸಲಿಲ್ಲ. ತಮ್ಮದೇ ಪಕ್ಷ ಕಟ್ಟಿದರು. ತೆರಿಗೆ ಅಂದಾಜು ಹಾಕೋ ಅಧಿಕಾರಿಯ ಕೆಲಸ ಏನು, ಷೆರೀಫನ ಕೆಲಸ ಏನು ಅಂತ ಕೂತು ಕಲಿತರು. ಗುರುತು ಬೇಕಲ್ಲ? ಕರಿಚಿರತೆ ಅಂದರು.

1966ರ ನವೆಂಬರಿನಲ್ಲಿ ಸೋತರು. ಸೋತು ಮನೆಗೆ ಹೋಗಲಿಲ್ಲ. 1970ರಲ್ಲಿ ಅದೇ ಜಾನ್ ಹ್ಯೂಲೆಟ್ ಆ ಜಿಲ್ಲೆಯ ಷೆರೀಫ್ ಆದ. ಅಷ್ಟರಲ್ಲಿ ಆ ಚಿರತೆ ಲೌಂಡ್ಸ್ ಗಡಿ ದಾಟಿ, 1966ರಲ್ಲೇ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಕಟ್ಟಿದ ಪಕ್ಷದ ಗುರುತಾಗಿತ್ತು. 1972ರಲ್ಲಿ ಸಮುದ್ರ ದಾಟಿ ಮುಂಬಯಿಯ ದಲಿತ ಕೇರಿಗಳಿಗೆ ಬಂತು. ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಮುಂತಾದವರು ದಲಿತ ಪ್ಯಾಂಥರ್ಸ್ ಅಂದರು. ಅಲ್ಲಿಂದ ನಮ್ಮ ಬಾಗಿಲಿಗೆ ಎಷ್ಟು ದೂರ?

ಗೆಳೆಯರೇ, ಎರಡು ಥರದ ಗುಮಾನಿ ಇದೆ ಅಂತ ನಮಗೆ ಕಾಣುತ್ತೆ. ಒಂದು, ನನ್ನ ಕಡೆ ಕಳ್ಳ ಕಳ್ಳನಲ್ಲ, ಅವನ ಕಡೆ ಕೂಲಿಯವನೂ ಕಳ್ಳ ಅನ್ನೋದು. ಇದು ಗುಮಾನಿಯ ವೇಷ ಹಾಕಿದ ಭಕ್ತಿ. ರಾಜಕಾರಣದಲ್ಲಿ ಭಕ್ತಿ ಬಂದರೆ ಕೊನೆಗೆ ಸರ್ವಾಧಿಕಾರವೇ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಇನ್ನೊಂದು, ಡೇರೆಯಲ್ಲಿ ಕೂತವರ ಗುಮಾನಿ. ಅದು ಥೈಲಿ ಯಾರದು ಅಂತ ಕೇಳುತ್ತೆ, ಲೆಕ್ಕ ಕೇಳುತ್ತೆ, ತನ್ನ ಪಕ್ಷವನ್ನೂ ಕೇಳುತ್ತೆ. ಎರಡು ಪಕ್ಷವೂ ಒಂದೇ ಅಂತ ಅದು ಹೇಳೋಲ್ಲ. 1964ರಿಂದ ಈಚೆಗೆ ಕಪ್ಪು ಜನ ಬಹುಪಾಲು ಡೆಮಾಕ್ರಟರಿಗೇ ಓಟು ಹಾಕಿದ್ದಾರೆ. ಹಾಕಿ, ಕೈ ಮುಗಿದು ಕೂತಿಲ್ಲ, ಬಾಕಿ ವಸೂಲಿಗೆ ನಿಂತಿದ್ದಾರೆ.

ಎಲ್ಲರೂ ಕಳ್ಳರೇ ಬಿಡ್ರಿ ಅಂತ ಯಾರಾದರೂ ನಮ್ಮ ಕೇರಿಗೆ ಬಂದು ಹೇಳಿದರೆ, ಅವನಿಗೆ ಒಂದು ಲೋಟ ನೀರು ಕೊಟ್ಟು ಕೂರಿಸಿ. ಲೌಂಡ್ಸ್ ಹೆದ್ದಾರಿಯ ಪಕ್ಕದ ಆ ಡೇರೆಗಳ ಕತೆ ಹೇಳಿ. ಹೇಳಿಯಾದ ಮೇಲೆ ಕೇಳಿ: ಬೇಸತ್ತು ನಾವು ಮನೆಯಲ್ಲೇ ಕೂತರೆ, ನಮ್ಮ ಓಟನ್ನ ಯಾರು ಎಣಿಸಿಕೊಳ್ತಾರೆ?